ಊರ ಬಚ್ಚಲು ಕೇರಿಗೆ, ನಗರದ ಬಚ್ಚಲು ಕಡಲಿಗೆ

ನಾವು ಜಕ್ಕಲಿಯವರು. ರೋಣ ಸೀಮೆಯ ಎರೆಹೊಲದ ಮಂದಿ. ನಮ್ಮೂರಿನಿಂದ ಕಡಲು ನೋಡಬೇಕೆಂದರೆ ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕುಂತು ಘಟ್ಟ ಇಳಿಯಬೇಕು. ಇಂಥವರಿಗೆ ಕಡಲಿನ ಉಸಾಬರಿ ಯಾಕೆ ಎಂದು ಗೆಳೆಯರು ಕೇಳಬಹುದು. ಕೇಳಿದ್ದಾರೆ ಕೂಡ. 'ಇಲ್ಲಿ ಕುಡಿಯಾಕ ನೀರಿಲ್ಲ, ಇವರು ಸಮುದ್ರದ ಚಿಂತಿ ಹಚ್ಚಿಕೊಂಡಾರ ನೋಡ್ರಿ' ಎಂದು ನಮ್ಮ ಸಂಘಟನೆಯವರೇ ನಕ್ಕಿದ್ದಾರೆ. ಅವರಿಗೆ ಉತ್ತರ ಕೊಡಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇವೆ.

2015ರ ಜುಲೈಯಲ್ಲಿ ನರಗುಂದದಲ್ಲಿ ಮಹದಾಯಿ ಹೋರಾಟ ಸುರುವಾದಾಗ ನಾವೂ ಟ್ರ್ಯಾಕ್ಟರು ಹತ್ತಿ ಹೋಗಿ ಕುಂತವರು. ಮರುವರ್ಷ ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಳ್ಳಿಹಾಕಿದ ಮೇಲೆ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರು ಮುದುಕರೆನ್ನದೆ ಹೊಡೆದರಲ್ಲ, ಆಗ ನಮ್ಮ ರಕ್ತವೂ ಕುದಿದಿದೆ. ಆ ದಿನಗಳಲ್ಲಿ ಗಂಟಲು ಹರಿಯುವ ಹಾಗೆ ನಾವು ಕೂಗಿದ ಮಾತುಗಳಲ್ಲಿ ಒಂದು ಇದು: ನಮ್ಮ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ. ಮೈಕು ಹಿಡಿದ ಎಲ್ಲ ಪಕ್ಷದವರೂ ಇದನ್ನೇ ಹೇಳಿದರು. ಮಠದವರು ಹೇಳಿದರು, ಸಿನಿಮಾದವರು ಬಂದು ಹೇಳಿದರು. ಆ ಮಾತಿನಲ್ಲಿ ತಪ್ಪೇನಾದರೂ ಇದ್ದೀತು ಎಂದು ನಮಗಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಉಳ್ಳಾಲದಲ್ಲಿ, ಕಲ್ಲಿನ ರಾಶಿಯ ಮೇಲೆ.

ನಮ್ಮಲ್ಲಿ ಕೆಲವರು ಪ್ರತಿವರ್ಷ ಹಿಂಗಾರಿ ಬಿತ್ತನೆ ಮುಗಿಸಿ, ಮಳೆ ಕೈಕೊಟ್ಟ ವರ್ಷ ಅದಕ್ಕೂ ಮುಂಚೆ, ಮಂಗಳೂರಿನ ಕಡೆ ದುಡಿಯಲು ಹೋಗುವವರು. ಅಲ್ಲಿ ನಮಗೆ ಊರಿನ ಹೆಸರಿಲ್ಲ. ಜಕ್ಕಲಿಯಾದರೂ ಅಷ್ಟೆ, ಕುಷ್ಟಗಿಯಾದರೂ ಅಷ್ಟೆ, ಎಲ್ಲರೂ 'ಘಟ್ಟದವರು'. ಬೆಳಗಿನ ಆರು ಗಂಟೆಗೆ ಸರ್ಕಲಿನಲ್ಲಿ ಬುತ್ತಿ ಹಿಡಿದು ನಿಂತರೆ ಮೇಸ್ತ್ರಿ ಬಂದು ತೋಳು ನೋಡಿ ಆರಿಸಿಕೊಂಡು ಹೋಗುತ್ತಾನೆ. ಒಂದು ವರ್ಷ ಹೀಗೆ ಆರಿಸಿಕೊಂಡು ಹೋದದ್ದು ಕಡಲ ತಡೆಗೋಡೆಯ ಕೆಲಸಕ್ಕೆ. ಟಿಪ್ಪರುಗಳು ಸುರುವಿದ ಬಂಡೆಗಳ ಸಂದಿಗೆ ಸಣ್ಣ ಕಲ್ಲು ತುಂಬುವುದು, ಚೀಲಕ್ಕೆ ಮರಳು ತುಂಬಿ ಹೊರುವುದು. ಉಪ್ಪುಗಾಳಿಗೆ ಅಂಗೈ ಸೀಳು ಬಿಡುತ್ತದೆ. ಆ ಕೂಲಿಯಲ್ಲಿ ಹದಿನೆಂಟು ದಿನದ ಹಣ ಇವತ್ತಿಗೂ ಬಂದಿಲ್ಲ. ಅದು ಬೇರೆ ಕತೆ.

ಅಲ್ಲೇ ಹತ್ತಿರ, ಅರ್ಧ ಗೋಡೆ ಕಡಲಿಗೆ ಬಿದ್ದ ಮನೆಯೊಂದರ ಅಜ್ಜಿ ನಮಗೆ ದಿನಾ ಕುಡಿಯುವ ನೀರು ಕೊಡುತ್ತಿದ್ದಳು. ಅವಳ ಬಾವಿಯ ನೀರು ಉಪ್ಪಾಗಿ ಎಷ್ಟೋ ವರ್ಷವಾಗಿತ್ತಂತೆ. ನಮಗೆ ಕೊಡುತ್ತಿದ್ದದ್ದು ಅವಳು ನಲ್ಲಿಯಲ್ಲಿ ಕಾದು ಹಿಡಿದ ನೀರು. ನೀರಿನ ಮಾತು ಬಂತು. ನಾವು ಹೆಮ್ಮೆಯಿಂದ ನಮ್ಮ ಹೋರಾಟದ ಕತೆ ಹೇಳಿದೆವು, ಘೋಷಣೆಯನ್ನೂ ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: 'ಅಲ್ಲ ಮಗಾ, ನೀರು ಕಡಲಿಗೆ ಬಂದ್ರೆ ವೇಸ್ಟ್ ಅಂತ ನೀವೂ ಹೇಳುವುದಾ? ನೇತ್ರಾವತಿಯನ್ನು ಆಚೆ ತಿರುಗಿಸುವವರೂ ಅದನ್ನೇ ಹೇಳ್ತಾರೆ. ಹಾಗಾದ್ರೆ ಕಡಲಿನ ಬದಿಯಲ್ಲಿ ಇರುವ ನಾವೆಲ್ಲ ವೇಸ್ಟಾ?'

ನಮ್ಮ ಬಾಯಿ ಕಟ್ಟಿತು.

ಗೆಳೆಯರೆ, ನಮ್ಮೂರುಗಳಲ್ಲಿ ಕೇರಿ ಎಲ್ಲಿರುತ್ತದೆ? ಊರಿನ ತಗ್ಗಿಗೆ. ಗೌಡರ ಮನೆಯ ಬಚ್ಚಲು, ಕುಲಕರ್ಣಿಯರ ಮನೆಯ ಬಚ್ಚಲು, ಸಾಹುಕಾರರ ಕೊಟ್ಟಿಗೆಯ ಗಂಜಳ ಎಲ್ಲ ಇಳಿಜಾರು ಹುಡುಕಿಕೊಂಡು ಬಂದು ನಿಲ್ಲುವುದು ನಮ್ಮ ಹೊಸ್ತಿಲ ಮುಂದೆ. ಸತ್ತ ದನ ಬಂದು ಬೀಳುವುದೂ ಅಲ್ಲಿಯೇ. ಹಾಗೆ ಹೊಲಸು ಸುರಿದವರೇ ಮೂಗು ಮುಚ್ಚಿಕೊಂಡು 'ಆ ಕಡೆ ಹೊಲಸು' ಎನ್ನುತ್ತಾರೆ. ಕೇರಿ ಅವರ ಲೆಕ್ಕದಲ್ಲಿ ಜನ ಇರುವ ಜಾಗವಲ್ಲ, ಊರು ಮುಗಿದ ಮೇಲೆ ಉಳಿದ ಜಾಗ. ಮಂಗಳೂರಿನಲ್ಲಿ ದುಡಿದ ಮೇಲೆ ನಮಗೆ ಗೊತ್ತಾದದ್ದು ಇಷ್ಟೆ: ಆ ನಗರಕ್ಕೆ ಕಡಲೂ ಹಾಗೆಯೇ. ನಗರ ಮುಗಿದ ಮೇಲೆ ಉಳಿದ ಜಾಗ. ನಗರದ ಕೇರಿ.

ನಮ್ಮ ಜಕ್ಕಲಿ ಏಕೀಕರಣದ ಅಂದಾನಪ್ಪ ದೊಡ್ಡಮೇಟಿಯವರ ಊರು. 1956ರಲ್ಲಿ ಮುಂಬಯಿ ಪ್ರಾಂತದ ನಮ್ಮ ಸೀಮೆ, ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಎಲ್ಲ ಒಂದಾದಾಗ ಎರೆಹೊಲದವರಿಗೂ ಒಂದು ಕಡಲು ಬಂತು. ಸುಮಾರು 320 ಕಿಲೋಮೀಟರಿನ ಕಡಲತೀರ ನಮ್ಮದಾಯಿತು ಎಂದು ಸಾಲಿಯಲ್ಲಿ ಮಾಸ್ತರರು ನಕಾಶೆಯ ಎಡಗಡೆಯ ನೀಲಿ ತೋರಿಸುತ್ತಿದ್ದರು. ಆದರೆ ನಮ್ಮ ಮನೆಗಳಿಗೆ ಕಡಲು ಬಂದದ್ದು ನಕಾಶೆಯಿಂದಲ್ಲ. ಸಂತೆಯ ಒಣಮೀನಿನ ರೂಪದಲ್ಲಿ ಬಂತು. ಅವ್ವ ಅದನ್ನು ಕೆಂಡದ ಮೇಲೆ ಸುಟ್ಟರೆ ಓಣಿಯೆಲ್ಲ ವಾಸನೆ. ಮರುದಿನ ಸಾಲಿಯಲ್ಲಿ ನಮ್ಮನ್ನು ಹಿಂದಿನ ಸಾಲಿಗೆ ಅಟ್ಟಲು ಅಷ್ಟೇ ಸಾಕಾಗುತ್ತಿತ್ತು. ಆಮೇಲೆ ಕಡಲು ಬಂದದ್ದು ಕೂಲಿಯ ರೂಪದಲ್ಲಿ. ಏಕೀಕರಣ ನಮಗೆ ಆದದ್ದು ಹೀಗೆ, ಮೂಗಿನಿಂದ ಮತ್ತು ಬೆನ್ನಿನಿಂದ.

ಇನ್ನು ಮಂಗಳೂರಿನ ಮಾತು. ಅದು ಕಡಲಿನಿಂದಲೇ ಬದುಕಿದ ಊರು. ಮೀನು, ಹಂಚು, ಕಾಫಿ, ಗೋಡಂಬಿ ಎಲ್ಲ ಅಳಿವೆ ಬಾಗಿಲಿನ ಹಳೇ ಬಂದರಿನಿಂದ ಹೋದವು. 1975ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಉದ್ಘಾಟನೆಯಾಯಿತು. ಅದಕ್ಕಾಗಿ ಎದ್ದು ಹೋದವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಗುಡಿಸಲು ಹಾಕಿಕೊಂಡರು. ಬಂದರಿನ ಹಿಂದೆ ಗೊಬ್ಬರದ ಕಾರ್ಖಾನೆ ಬಂತು. ಕುದುರೆಮುಖದ ಗುಡ್ಡ ಕೊರೆದು ಅದಿರನ್ನು ನೀರಿನಲ್ಲಿ ಕಲಸಿ ಅರವತ್ತೇಳು ಕಿಲೋಮೀಟರು ಕೊಳವೆಯಲ್ಲಿ ಇಳಿಸಿದರು, 2005ರ ಕೊನೆಗೆ ಗಣಿ ನಿಲ್ಲುವತನಕ. ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆ ಬಂತು, ವಿಶೇಷ ಆರ್ಥಿಕ ವಲಯ ಬಂತು. ಎಲ್ಲವೂ ಕಡಲ ಪಕ್ಕಕ್ಕೇ ಯಾಕೆ ಬಂದವು? ಹಡಗಿಗೆ ಹತ್ತಿರ ಎನ್ನುತ್ತಾರೆ. ಅದು ಅರ್ಧ ನಿಜ. ಕೊಳವೆಯ ಇನ್ನೊಂದು ತುದಿಯನ್ನು ಕಡಲೊಳಗೆ ಬಿಟ್ಟರೆ ಯಾರೂ ಕೇಳುವುದಿಲ್ಲ, ಅದು ಉಳಿದರ್ಧ ನಿಜ. ಕಾರ್ಖಾನೆಗಳ ಹೊಲಸು ಫಲ್ಗುಣಿ ನದಿಗೆ ಸೇರುತ್ತಿದೆ ಎಂದು ಜೋಕಟ್ಟೆ, ತೋಕೂರಿನ ಜನ ವರ್ಷಗಟ್ಟಲೆ ಕೂಗಿದ್ದಾರೆ. ಫಲ್ಗುಣಿ ಹೋಗಿ ಸೇರುವುದು ಎಲ್ಲಿಗೆ? ನೇತ್ರಾವತಿಯ ಜೊತೆಗೂಡಿ, ಬೆಂಗರೆ ಉಳ್ಳಾಲದ ನಡುವಿನ ಅಳಿವೆಯಿಂದ, ಕಡಲಿಗೆ.

2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಕುಸಿದು ಮಂದಾರ ಎಂಬ ಊರನ್ನೇ ಮುಚ್ಚಿತು. ಅಡಿಕೆ ತೋಟ, ಬಾವಿ, ನಾಗಬನ ಎಲ್ಲ ಕಸದಡಿ. 27 ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಎದ್ದುಹೋದವು. ಸ್ವಚ್ಛ ನಗರವೆಂದು ಬಹುಮಾನ ತೆಗೆದುಕೊಳ್ಳುವ ಊರಿನ ಕಸ ನೋಡಿರಿ, ಅದಕ್ಕೂ ಇಳಿಜಾರೇ ಬೇಕು. ಆ ಗುಡ್ಡದ ಕಪ್ಪು ನೀರು ಇಳಿಯುವುದೂ ಫಲ್ಗುಣಿಯ ಕಡೆಗೇ.

ಈ ಹೊಲಸಿಗೂ ಕಡಲಿಗೂ ನಡುವೆ ನಿಂತವರು ಯಾರು? ಆ ನಗರ ತನ್ನ ಕಕ್ಕಸು ಬಳಿಯಲಿಕ್ಕೆ ತಲೆಮಾರುಗಟ್ಟಲೆ ಕೊರಗರನ್ನು ಇಟ್ಟುಕೊಂಡಿತ್ತು. ಅವರ ಮೇಲೆ ಹೇರಿದ್ದ ಅಜಲು ಎಂಬ ಅನಿಷ್ಟವನ್ನು ನಿಷೇಧಿಸಲು 2000ನೇ ಇಸವಿಯ ಕಾಯ್ದೆಯೇ ಬೇಕಾಯಿತು. ಈಗ ಬೆಳಗಿನ ಜಾವ ಪೊರಕೆಯ ಸದ್ದಿನೊಳಗೆ ನಮ್ಮ ಸೀಮೆಯ ಮಾತೂ ಕೇಳುತ್ತದೆ: 'ಏ ಯಕ್ಕಾ, ಗಾಡಿ ಬಂತೇನ?' ವರ್ಷಕ್ಕೊಂದು ದಿನ ಕಡಲತೀರ ಸ್ವಚ್ಛತೆ ಎಂದು ಬಿಳಿ ಟೀ ಶರಟು, ಕೈಗವಸು ಹಾಕಿಕೊಂಡು ಕಾಲೇಜಿನ ಮಕ್ಕಳು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ. ಅವರು ಕಟ್ಟಿಟ್ಟ ಚೀಲಗಳನ್ನು ಫೋಟೋ ಮುಗಿದ ಮೇಲೆ ಹೊತ್ತವರ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ ಎಂಬುದಷ್ಟೇ ನಮ್ಮ ತಕರಾರು.

ಈ ದೇಶದ ಶಾಸ್ತ್ರಕಾರರಿಗೂ ಕಡಲಿಗೂ ಇರುವ ಸಂಬಂಧ ವಿಚಿತ್ರ. ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂದರು. ಅದೇ ಕಡಲಿನ ಮೇಲೆ ಬಂದ ವ್ಯಾಪಾರದ ಹೊನ್ನಿಗೆ ಮೈಲಿಗೆ ತಟ್ಟಲಿಲ್ಲ. ಹಿಡಿದವನ ಮೈಗೆ ಮೀನಿನ ವಾಸನೆ ಎಂದು ದೂರ ನಿಂತರು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ ಕೆರೆಯ ನೀರು ಮುಟ್ಟಿದರೆ ಕೆರೆ ಕೆಟ್ಟಿತೆಂದು ಗಂಜಳ ಸಗಣಿ ಸುರಿದು ಶುದ್ಧಿ ಮಾಡಿದ ಜನ ಇವರು. ನಾವು ಬೊಗಸೆ ನೀರು ಕುಡಿದರೆ ಕೆಡುವ ನೀರು, ಇಡೀ ನಗರದ ಕಕ್ಕಸು ಸೇರಿದರೂ ಕೆಡುವುದಿಲ್ಲ! ಎಂಥಾ ಶುದ್ಧಿಯೋ!

ಮೀನುಗಾರರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವವರು ನಾವಲ್ಲ. ಅವರೊಳಗೂ ದೋಣಿಯ ಒಡೆಯನಿದ್ದಾನೆ, ಬಲೆ ಎಳೆಯುವವನಿದ್ದಾನೆ. ಹಿಂದೆ ರಂಪಣಿ ಎಂಬ ದೊಡ್ಡ ಬಲೆಯಿತ್ತು. ಹತ್ತಾರು ಮಂದಿ ಮರಳಿನ ಮೇಲೆ ನಿಂತು ಹಾಡು ಹೇಳುತ್ತ ಎಳೆಯುತ್ತಿದ್ದ ಬಲೆ. ಎಳೆದವರಿಗೆಲ್ಲ ಪಾಲು, ದಂಡೆಗೆ ಬುಟ್ಟಿ ಹಿಡಿದು ಬಂದ ಮುದುಕಿಗೂ ಒಂದಿಷ್ಟು. 1970ರ ದಶಕದ ಕೊನೆಗೆ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂತು. ದಂಡೆಗೆ ಬರುವ ಬಂಗುಡೆ ಬೂತಾಯಿಯ ಹಿಂಡನ್ನು ನಡುನೀರಿನಲ್ಲೇ ಸುತ್ತುಹಾಕಿ ಬಾಚಿತು. ರಂಪಣಿಯವರು ಪ್ರತಿಭಟಿಸಿದರು, ಸೋತರು. ಸರ್ಕಾರ ಸಾಲ ಕೊಟ್ಟದ್ದು ಯಂತ್ರಕ್ಕೆ. ಆಮೇಲೆ ರಾತ್ರಿ ದೊಡ್ಡ ದೀಪ ಹಾಕಿ ಮೀನನ್ನು ಮರುಳು ಮಾಡಿ ಹಿಡಿಯುವುದು ಬಂತು. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು, ದಂಡೆಯಲ್ಲಿ ನಿಂತು ನೋಡಿದರೆ ದೂರದಲ್ಲಿ ದೀಪ ಕಾಣುತ್ತಲೇ ಇತ್ತು. ಜೂನ್ ಜುಲೈ ಎರಡು ತಿಂಗಳು ಮೀನು ಮರಿಹಾಕುವ ಕಾಲವೆಂದು ಯಾಂತ್ರಿಕ ದೋಣಿಗಳಿಗೆ ರಜೆ. ಒಳ್ಳೆಯದೇ. ಆದರೆ ಉಳಿದ ಹತ್ತು ತಿಂಗಳು ಬೆರಳುದ್ದದ ಮರಿಗಳನ್ನೂ ಬಾಚಿ ತಂದು ಸುರಿಯುವುದು ಎಲ್ಲಿಗೆ ಬಲ್ಲಿರಾ? ಮೀನೆಣ್ಣೆ ಮತ್ತು ಮೀನುಪುಡಿ ಕಾರ್ಖಾನೆಗೆ. ಅಲ್ಲಿಂದ ಕೋಳಿಯ, ಸಿಗಡಿಯ ದಾಣಿಗೆ. ಬೂತಾಯಿ ಬಡವರ ಮೀನು. ಬಡವರ ತಟ್ಟೆಯಿಂದ ಅದನ್ನು ಕಿತ್ತು ಕೋಳಿಗೆ ಹಾಕಿ, ಕೋಳಿಯನ್ನು ಉಳ್ಳವರ ತಟ್ಟೆಗೆ ಹಾಕುವುದಕ್ಕೆ ಅಭಿವೃದ್ಧಿ ಎಂದು ಹೆಸರು.

2022ರ ಏಪ್ರಿಲಿನಲ್ಲಿ ಬಜಪೆಯ ಹತ್ತಿರ, ಆ ವಿಶೇಷ ಆರ್ಥಿಕ ವಲಯದೊಳಗಿನ ಮೀನು ಸಂಸ್ಕರಣೆಯ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಇಳಿದ ಒಬ್ಬನನ್ನು ಎತ್ತಲು ಮತ್ತೊಬ್ಬ, ಅವನನ್ನು ಎತ್ತಲು ಮಗದೊಬ್ಬ ಹೀಗೆ ಇಳಿದು, ಪಶ್ಚಿಮ ಬಂಗಾಳದ ಐದು ಮಂದಿ ಹುಡುಗರು ವಿಷಗಾಳಿಗೆ ಸತ್ತರು. ಆ ಸುದ್ದಿ ಓದಿದ ದಿನ ನಮ್ಮ ಶೆಡ್ಡಿನಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬಂಗಾಳವೆಲ್ಲಿ, ಬಜಪೆಯೆಲ್ಲಿ. ಆ ಕೆಲಸ ಮೊದಲು ನಮ್ಮಲ್ಲೊಬ್ಬನನ್ನೂ ಕರೆದಿತ್ತು. ವಾಸನೆ ತಡೆಯಲಾರೆನೆಂದು ಅವನು ಹೋಗಿರಲಿಲ್ಲ. ವಾಸನೆ ತಡೆಯದ್ದಕ್ಕೆ ಬದುಕಿದ ಎಂದು ಈಗಲೂ ಹೇಳಿಕೊಂಡು ಅಳುತ್ತಾನೆ.

ಇನ್ನು ನಾವು ಹೊತ್ತ ಕಲ್ಲಿನ ವಿಚಾರಕ್ಕೆ ಬರೋಣ. ಅದನ್ನು ಹೊತ್ತವರಿಗೇ ಗೊತ್ತು.

ಕಡಲಿನ ಮರಳು ನಿಂತಲ್ಲಿ ನಿಲ್ಲುವಂಥದ್ದಲ್ಲ. ಮಳೆಗಾಲದ ತೆರೆ ದಂಡೆಯನ್ನು ಕೊರೆದು ಮರಳನ್ನು ಒಳಕ್ಕೆ ಒಯ್ಯುತ್ತದೆ, ಮಳೆ ನಿಂತ ಮೇಲೆ ಮೆಲ್ಲಗೆ ತಂದು ಮತ್ತೆ ಹಾಕುತ್ತದೆ. ದಂಡೆಯುದ್ದಕ್ಕೂ ಅದು ಓಡಾಡುತ್ತದೆ. ನದಿಗಳು ಘಟ್ಟದಿಂದ ಹೊಸ ಮರಳು ತಂದು ಕೊಡುತ್ತವೆ. ಇದು ಕಡಲಿನ ಲೇವಾದೇವಿ. ಹಡಗು ದೋಣಿಗಳಿಗೆ ದಾರಿ ಬೇಕೆಂದು ಅಳಿವೆ ಬಾಗಿಲಿಗೆ ಎರಡೂ ಬದಿ ಕಲ್ಲಿನ ಕಟ್ಟೆಗಳನ್ನು ಚಾಚಿದರು. ಮರಳಿನ ಓಡಾಟ ನಿಂತಿತು. ಬೆಂಗರೆಯ ಕಡೆ ದಂಡೆ ಬೆಳೆಯಿತು, ಉಳ್ಳಾಲದ ಕಡೆ ಕಡಲು ಮನೆ ನುಂಗುತ್ತ ಬಂತು. ಜೊತೆಗೆ ಮೇಲೆ ನದಿಯಲ್ಲಿ ಮರಳನ್ನು ಲಾರಿಗಟ್ಟಲೆ ತೆಗೆದರು. ಕಟ್ಟಡಗಳಿಗೆ. ಅದನ್ನು ಹೊತ್ತು ಕಲಸಿದವರೂ ನಾವೇ ಎನ್ನಿ. ಮೊಗವೀರಪಟ್ಣ, ಕೈಕೊ, ಸೋಮೇಶ್ವರ, ಉಚ್ಚಿಲ, ಬಟ್ಟಪಾಡಿ. ಒಂದು ಕಡೆ ಕಲ್ಲು ಹಾಕಿದರೆ ಕಡಲು ಅದರ ಪಕ್ಕದ ಊರಿಗೆ ನುಗ್ಗುತ್ತದೆ. ಆಗ ಅಲ್ಲಿಗೆ ಕಲ್ಲು. ಮತ್ತೆ ಅದರ ಪಕ್ಕದ ಊರು. ಏಷ್ಯಾದ ಅಭಿವೃದ್ಧಿ ಬ್ಯಾಂಕಿನ ಸಾಲವೂ ಬಂತು, ನೀರಿನೊಳಗೆ ದಿಬ್ಬಗಳಾದವು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ತೆರೆ ಅಂಗಳ ದಾಟಿ ಅಡುಗೆಮನೆಗೆ ಬಂತು. ಒಂದು ವರ್ಷ ಹಾಕಿದ ಕಲ್ಲು ಮೂರು ಮಳೆಗಾಲಕ್ಕೆ ಮರಳೊಳಗೆ ಇಳಿದುಹೋಗುತ್ತದೆ. ಮತ್ತೆ ಟೆಂಡರು. ಗುತ್ತಿಗೆದಾರನಿಗೆ ಇದಕ್ಕಿಂತ ಒಳ್ಳೆಯ ಹೊಲ ಇಲ್ಲ. ವರ್ಷಾ ಬೆಳೆ, ಬರಗಾಲವಿಲ್ಲ. ಮೇಸ್ತ್ರಿ ನಕ್ಕು ಹೇಳಿದ್ದ: 'ನೀವು ಚಿಂತೆ ಮಾಡ್ಬೇಡಿ, ಕಡಲು ಇರುವವರೆಗೆ ನಿಮಗೆ ಕೆಲಸ ಉಂಟು.'

ಇಷ್ಟೆಲ್ಲ ಆದ ಮೇಲೆ ಪರಿಸರವಾದಿ ಮಹನೀಯರು ಬರುತ್ತಾರೆ. ಕಡಲನ್ನು ಉಳಿಸಬೇಕು ಎನ್ನುತ್ತಾರೆ. ಉಳಿಸಬೇಕು, ಸತ್ಯ. ಆದರೆ ಯಾರ ಕೈಯಿಂದ ಯಾರಿಗೆ? ಹೊನ್ನಾವರದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ 'ನೀಲಿ ಬಾವುಟ' ಸಿಕ್ಕಿತು. ಪರದೇಶದ ಪ್ರಮಾಣಪತ್ರ. ಅದೇ ಕಾಸರಕೋಡಿನ ಟೊಂಕದಲ್ಲಿ, ಕಡಲಾಮೆಗಳು ಮೊಟ್ಟೆ ಇಡುವ ಮರಳಿನಲ್ಲಿ, ಹೆಂಗಸರು ಮೀನು ಒಣಗಿಸುವ ಮರಳಿನಲ್ಲಿ, ಖಾಸಗಿ ಬಂದರಿಗೆ ರಸ್ತೆ ಹಾಕಲು 2022ರ ಜನವರಿಯಲ್ಲಿ ಪೊಲೀಸರು ಬಂದರು. ಅಡ್ಡ ಕುಂತ ಮೀನುಗಾರರನ್ನು ಎತ್ತಿ ವ್ಯಾನಿಗೆ ಹಾಕಿದರು. ಒಂದು ತುದಿಗೆ ಬಾವುಟ, ಇನ್ನೊಂದು ತುದಿಗೆ ಲಾಠಿ. ನಮ್ಮ ಸಂತೆಗೆ ಬರುವ ಒಣಮೀನು ಅಂಥ ಮರಳಿನ ಮೇಲೆ ಒಣಗಿದ್ದು. 1930ರಲ್ಲಿ ಉಪ್ಪಿನ ಕಾಯ್ದೆ ಮುರಿದ ಅಂಕೋಲೆಯಲ್ಲೂ ಅದೇ ಕತೆ. ಅಲ್ಲಿನ ಕೇಣಿಯ ಮೀನುಗಾರರು 2025ರಲ್ಲಿ ಬಂದರಿನ ವಿರುದ್ಧ ಬೀದಿಗಿಳಿದರು. ಕಾರವಾರದ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟವರು ಬಹಳ ಹಿಂದೆಯೇ ಈ ಪಾಠ ಕಲಿತಿದ್ದರು.

ಕಾಯ್ದೆಯ ಕತೆಯೂ ಅಷ್ಟೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹಳ್ಳಿಗಾಡಿನ ದಂಡೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಬೇಡ ಎಂದಿತು. 2019ರಲ್ಲಿ ಅದನ್ನು ತಿದ್ದಿ, ಜನ ದಟ್ಟವಾಗಿರುವ ಹಳ್ಳಿಗಳಲ್ಲಿ 50 ಮೀಟರಿಗೆ ಇಳಿಸಿದರು. ಮೀನುಗಾರರಿಗೆ ಮನೆ ಕಟ್ಟಲು ಅನುಕೂಲ ಎಂದರು. ಮೀನುಗಾರನ ಗುಡಿಸಲಿಗೆ ಕಾಗದ ಕೇಳುವವರು ರೆಸಾರ್ಟಿನ ಮುಂದೆ ಬಾಗಿಲು ಕಾಯುತ್ತಾರೆ. ಅನುಕೂಲ ಯಾರಿಗಾಯಿತು ಎಂದು ದಂಡೆಯುದ್ದಕ್ಕೂ ನಡೆದು ನೋಡಿದರೆ ತಿಳಿಯುತ್ತದೆ.

ಈಗ ಅಜ್ಜಿಯ ಪ್ರಶ್ನೆಗೆ ಬರಬೇಕು. ಅದರಿಂದ ತಪ್ಪಿಸಿಕೊಳ್ಳಲು ನಮಗೆ ದಾರಿಯಿಲ್ಲ.

ನದಿ ಕಡಲಿಗೆ ಹೋಗುವುದು ದಾರಿ ತಪ್ಪಿ ಅಲ್ಲ. ಅದು ಮರಳು ಒಯ್ಯುತ್ತದೆ, ಮೆಕ್ಕಲು ಒಯ್ಯುತ್ತದೆ. ಸಿಹಿ ಉಪ್ಪು ಕೂಡುವ ಅಳಿವೆಯ ನೀರಿನಲ್ಲಿ ಸಿಗಡಿ ಮೀನು ಮರಿ ಮಾಡುತ್ತವೆ. ನದಿ ಬಡವಾದಷ್ಟೂ ಉಪ್ಪುನೀರು ಒಳಗೆ ಹತ್ತಿಬರುತ್ತದೆ. ಬಾವಿ ಕೆಡುವುದು ಹಾಗೆ. 2014ರಲ್ಲಿ ಅಡಿಗಲ್ಲು ಹಾಕಿದ ಎತ್ತಿನಹೊಳೆ ಯೋಜನೆಗೆ 24 ಟಿಎಂಸಿ ಎಂದರು. ಕೋಲಾರದವರ ಬಾಯಾರಿಕೆ ತೋರಿಸಿ ನೇತ್ರಾವತಿಯ ತಲೆಗೆ ಕೈಹಾಕಿದರು. ಕೋಲಾರದವರ ಬಾಯಾರಿಕೆ ಸುಳ್ಳಲ್ಲ, ನಮ್ಮದೂ ಸುಳ್ಳಲ್ಲ. ಮಹದಾಯಿಯಲ್ಲಿ 188 ಟಿಎಂಸಿ ಇದೆ ಎಂದು ಲೆಕ್ಕಹಾಕಿದ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟದ್ದು 13.42. ಅದರಲ್ಲೂ ಹೆಚ್ಚು ಪಾಲು ವಿದ್ಯುತ್ತಿಗೆ. ನಮ್ಮ ಪಾಲನ್ನು ನಾವು ಬಿಡುವವರಲ್ಲ. ಕುಡಿಯುವ ನೀರು ಕೇಳುವುದು ಭಿಕ್ಷೆಯೂ ಅಲ್ಲ.

ಆದರೆ 'ವ್ಯರ್ಥ' ಎಂಬ ಮಾತನ್ನು ನಮ್ಮ ಬಾಯಿಗೆ ಹಾಕಿದವರು ಯಾರು? ಹಾಕಿ ನಮ್ಮ ಕಣ್ಣನ್ನು ಪಡುವಣ ದಿಕ್ಕಿಗೆ ತಿರುಗಿಸಿದ್ದು ಯಾಕೆ? ನವಿಲುತೀರ್ಥದ ಅಣೆಕಟ್ಟಿಗೆ ಬರುವ ಮಲಪ್ರಭೆಯ ನೀರು ನಮ್ಮ ಕಾಲುವೆಯ ತುದಿಗೆ ಬರುವುದರೊಳಗೆ ಏನಾಗುತ್ತದೆ? ಹೆಸರು, ಕಡಲೆ, ಜೋಳದಂಥ ಹಗುರ ಬೆಳೆಗೆಂದು ಕಟ್ಟಿದ ಅಣೆಕಟ್ಟಿನ ನೀರನ್ನು ಮೇಲುಗಡೆಯ ಕಬ್ಬು ಕುಡಿಯಿತು. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ, ಕಾರ್ಖಾನೆಯ ಹಿಂದೆ ಶಾಸಕ. 1980ರ ಜುಲೈ 21ರಂದು ನರಗುಂದ ನವಲಗುಂದದಲ್ಲಿ ನಮ್ಮ ರೈತರು ಗುಂಡಿಗೆ ಎದೆಕೊಟ್ಟದ್ದು, ಬಾರದ ನೀರಿಗೆ ಕರ ಕೇಳಿದ ಸರ್ಕಾರದ ವಿರುದ್ಧ. ಅವತ್ತು ಅವರು ಬೆರಳು ತೋರಿಸಿದ್ದು ವಿಧಾನಸೌಧದ ಕಡೆಗೆ, ಕಾಲುವೆಯ ಮೇಲ್ತುದಿಯ ಕಡೆಗೆ. ಕಡಲಿನ ಕಡೆಗಲ್ಲ. ಆ ಬೆರಳನ್ನು ಈ ಮೂವತ್ತು ನಲವತ್ತು ವರ್ಷದಲ್ಲಿ ಮೆಲ್ಲಗೆ ತಿರುಗಿಸಿಬಿಟ್ಟರಲ್ಲ! ಕಾಲುವೆಯ ತುದಿಯವನೂ ನದಿಯ ತುದಿಯವಳೂ ಒಬ್ಬರನ್ನೊಬ್ಬರು ಕಳ್ಳರೆಂದು ನೋಡುವ ಹಾಗೆ ಮಾಡಿ, ನಡುವಿನವರು ನೀರು ಕುಡಿದರು.

ಕಾಲುವೆಯ ತುದಿಯಲ್ಲೂ ಕೇರಿಯವನ ಹೊಲ ಇನ್ನೂ ತುದಿಗೆ ಎಂಬುದನ್ನು ನಮ್ಮ ರೈತ ಮುಖಂಡರಿಗೂ ಇಲ್ಲಿಯೇ ಹೇಳಿಬಿಡುತ್ತೇವೆ. ಅದಕ್ಕೆ ಬೇರೆ ಲೇಖನ ಬೇಕು.

ಉಳ್ಳಾಲದ ಆ ಅಜ್ಜಿಯ ಮನೆ ಈಗಿಲ್ಲ. ಕಳೆದ ಸಲ ಹೋದವರು ನೋಡಿ ಬಂದರು. ನಾವು ಹಾಕಿದ ಕಲ್ಲು ಅರ್ಧ ಇಳಿದಿತ್ತು. ಅವಳು ಮಗಳ ಮನೆಗೆ ಹೋದಳೆಂದು ಪಕ್ಕದವರು ಹೇಳಿದರು. ಯಾವ ಊರೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮುಂದಿನ ತಿಂಗಳು ನರಗುಂದದಲ್ಲಿ ಸಭೆ ಇದೆ. ಬ್ಯಾನರು ಬರೆಯುವ ಕೆಲಸ ಈ ಸಲವೂ ನಮ್ಮ ಹುಡುಗರಿಗೇ ಬಂದಿದೆ. ಹಳೆಯ ಬಟ್ಟೆಯನ್ನೇ ತೊಳೆದು ಮತ್ತೆ ಬರೆಯುವುದು ಎಂದು ತೀರ್ಮಾನವಾಗಿದೆ, ಹೊಸದಕ್ಕೆ ದುಡ್ಡಿಲ್ಲ. 'ವ್ಯರ್ಥವಾಗಿ ಸಮುದ್ರ ಸೇರುತ್ತಿರುವ' ಎಂಬುದನ್ನು ತೆಗೆದರೆ ಒಂದು ಸಾಲಿನಷ್ಟು ಜಾಗ ಉಳಿಯುತ್ತದೆ. ಅಲ್ಲಿ 'ಮಲಪ್ರಭೆಯ ಕಬ್ಬಿನ ಲೆಕ್ಕ ಕೊಡಿ' ಎಂದು ಬರೆಯುತ್ತೇವೆ. ಸಂಘಟಕರು ಒಪ್ಪದಿದ್ದರೆ ಬ್ಯಾನರು ಅವರೇ ಬರೆದುಕೊಳ್ಳಲಿ, ಬಣ್ಣ ನಮ್ಮ ಹತ್ತಿರ ಇದೆ.